ಕಾಲೇಜು ಬಿಟ್ಟವರ ಹೆಸರು ಯಾವ ವರದಿಯಲ್ಲಿದೆ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಆಂತರಿಕ ಗುಣಮಟ್ಟ ಖಾತರಿ ಕೋಶಗಳ ಸದಸ್ಯರಿಗೆ ಬಹಿರಂಗ ಪತ್ರ

ನಿಮ್ಮಲ್ಲಿ ಹಲವರು ನನಗೆ ಪರಿಚಿತರು. ಕೆಲವರು ನಾನು ಕನ್ನಡ ಪಾಠ ಮಾಡುತ್ತಿದ್ದಾಗ ಎದುರು ಬೆಂಚಿನಲ್ಲಿ ಕೂತಿದ್ದವರು. ಈಗ ನೀವೇ ಈ ಕೋಶಗಳ ಸಂಯೋಜಕರು, ಸದಸ್ಯರು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಪ್ರತಿ ವರ್ಷ ಹೋಗುವ ವರದಿಯನ್ನು ರಾತ್ರಿ ಕೂತು ಬರೆಯುವವರೂ ನೀವೇ. ಆದ್ದರಿಂದ ಈ ಪತ್ರವನ್ನು ಇಲಾಖೆಗೆ, ಶಾಸಕರಿಗೆ ಬರೆಯದೆ ನಿಮಗೇ ಬರೆಯುತ್ತಿದ್ದೇನೆ. ಕಾಲೇಜು ತನ್ನ ದಲಿತ, ಆದಿವಾಸಿ, ಅಲೆಮಾರಿ, ಹಿಂದುಳಿದ, ಮುಸ್ಲಿಂ ಮಕ್ಕಳಿಗೆ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಮೆಟ್ಟಿಲು ಹತ್ತಿದ ಮಕ್ಕಳಿಗೆ, ನಿಜವಾಗಿ ಏನು ಮಾಡಿದೆ ಎಂದು ಕೇಳುವ ಅಧಿಕಾರ ಇರುವುದು ನಿಮಗೆ. ಆ ಪ್ರಶ್ನೆಯನ್ನು ನಾವು ಇಷ್ಟು ವರ್ಷ ಕೇಳುತ್ತಾ ಬಂದ ರೀತಿ ಸರಿಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನ್ಯಾಕ್‌ನ ಏಳು ಮಾನದಂಡಗಳಲ್ಲಿ ಐದನೆಯದು ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿ. ಅದರಡಿ ನಾವು ತುಂಬುವ ಅಂಕಣಗಳು ನಿಮಗೆ ಬಾಯಿಪಾಠ. ವಿದ್ಯಾರ್ಥಿವೇತನ ಪಡೆದವರೆಷ್ಟು, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೆ ಬಂದವರೆಷ್ಟು, ಕುಂದುಕೊರತೆ ನಿವಾರಣಾ ಘಟಕ ಇದೆಯೇ ಇಲ್ಲವೇ, ಉದ್ಯೋಗಕ್ಕೆ ಹೋದವರೆಷ್ಟು, ಸ್ನಾತಕೋತ್ತರಕ್ಕೆ ಸೇರಿದವರೆಷ್ಟು. ಫೋಟೊ, ಹಾಜರಾತಿ ಪಟ್ಟಿ, ನಡಾವಳಿ ಪುಸ್ತಕ ಲಗತ್ತಿಸಿದರೆ ಸಾಕ್ಷಿ ಪೂರ್ಣ. ಈ ಅಂಕಣಗಳೆಲ್ಲ ಉಳಿದವರನ್ನೇ ಎಣಿಸುತ್ತವೆ. ಮೊದಲ ಸೆಮಿಸ್ಟರ್‌ಗೆ ಸೇರಿ, ಎರಡನೆಯದಕ್ಕೆ ಶುಲ್ಕ ಕಟ್ಟದೆ, ಮೂರನೆಯದರಲ್ಲಿ ಹಾಜರಿ ಪುಸ್ತಕದಿಂದ ಹೆಸರೇ ಇಲ್ಲವಾದ ಹುಡುಗ ಯಾವ ಅಂಕಣದಲ್ಲೂ ಸಿಗುವುದಿಲ್ಲ. ನ್ಯಾಕ್ ನಡೆಸುವ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯೂ ಹಾಗೆಯೇ. ಈಗ ದಾಖಲಾಗಿರುವವರ ಇಮೇಲ್ ವಿಳಾಸವನ್ನು ಕಾಲೇಜು ಕೊಡುತ್ತದೆ, ಪ್ರಶ್ನೆಗಳು ಅಲ್ಲಿಗೆ ಹೋಗುತ್ತವೆ. ಬಿಟ್ಟುಹೋದವನಿಗೆ ತೃಪ್ತಿಯಾಯಿತೇ ಎಂದು ಕೇಳುವವರು ಯಾರೂ ಇಲ್ಲ. ನಮ್ಮ ಬೆಂಬಲ ಸೇವೆ ಎಲ್ಲಿ ಸೋತಿತು ಎಂಬುದನ್ನು ಬಲ್ಲವನು ಅವನೇ.

ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ಹೆಸರಿಸಿದೆ ನಿಜ. ಆದರೆ ಇವು ಒಂದೇ ತರಹದ ಊರುಗಳಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಪಾಂಡವಪುರ, ಶ್ರೀರಂಗಪಟ್ಟಣದ ಹಳ್ಳಿಗಳಲ್ಲಿ ಕಬ್ಬು ಕಡಿಯುವ ಕಾಲಕ್ಕೆ ತರಗತಿ ಬರಿದಾಗುತ್ತದೆ. ಆಲೆಮನೆಯಲ್ಲಿ ರಾತ್ರಿ ಪಾಳಿ ಮಾಡಿದ ಹುಡುಗ ಬೆಳಗಿನ ಮೊದಲ ಪೀರಿಯಡ್ಡಿಗೆ ಬರಲಾರ. ನಾಗಮಂಗಲದ ಕಡೆ, ಬಿಂಡಿಗನವಿಲೆ, ಹೊಣಕೆರೆ, ದೇವಲಾಪುರದ ಮಳೆಯಾಶ್ರಿತ ಊರುಗಳಿಂದ ಅಪ್ಪ ಬೆಂಗಳೂರಿಗೆ ದುಡಿಯಲು ಹೋಗಿರುತ್ತಾನೆ. ಹೊಲ, ದನ, ಡೇರಿಗೆ ಹಾಲು ಹಾಕುವ ಕೆಲಸ ಮಕ್ಕಳ ಮೇಲೆ. ಕೆ.ಆರ್.ಪೇಟೆಗೆ ಸಂತೆಬಾಚಹಳ್ಳಿ, ಅಕ್ಕಿಹೆಬ್ಬಾಳು, ಕಿಕ್ಕೇರಿಗಳಿಂದ ಬರುವವರಿಗೆ ಇಡೀ ದಿನದ ಓದು ಬಸ್ಸಿನ ಮರ್ಜಿಯ ಮೇಲೆ ನಿಂತಿದೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ತಟ್ಟೆ ಎತ್ತುವ ಹುಡುಗರಲ್ಲಿ ಎಷ್ಟು ಜನ ನಮ್ಮ ಪ್ರವೇಶ ವಹಿಯಲ್ಲಿ ಹೆಸರಿದ್ದವರು ಎಂದು ಯಾರಾದರೂ ನೋಡಿದ್ದೇವೆಯೇ?

ಈಗ ವಿದ್ಯಾರ್ಥಿವೇತನದ ಮಾತು. ಬೆಂಬಲ ಎಂದರೆ ನಮ್ಮ ಮಕ್ಕಳಿಗೆ ಮೊದಲು ನೆನಪಾಗುವುದು ಇದೇ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಅಂಬೇಡ್ಕರ್ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದ ಕಾಲಕ್ಕೆ. ಎಂಬತ್ತು ವರ್ಷ ದಾಟಿದ ಯೋಜನೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಇದರ ಹಣದಲ್ಲಿ 60 ಭಾಗ ಕೇಂದ್ರದ್ದು, 40 ಭಾಗ ರಾಜ್ಯದ್ದು ಎಂದು ಗೊತ್ತುಮಾಡಿತು. ಹಣ ನೇರ ಖಾತೆಗೆ ಬರುತ್ತದೆ, ಮಧ್ಯವರ್ತಿಯಿಲ್ಲ. ಒಳ್ಳೆಯದೇ. ಆದರೆ ಆ ಖಾತೆಗೆ ತಲುಪುವ ದಾರಿಯಲ್ಲಿ ನಡೆದು ನೋಡಿ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ಲಾದ ಎಸ್‌ಎಸ್‌ಪಿಯಲ್ಲಿ ಅರ್ಜಿ. ಅದಕ್ಕೆ ನಾಡಕಚೇರಿಯಿಂದ ತಂದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ. ದಾಖಲೆಗಳಿಗೆ ಇ-ದೃಢೀಕರಣ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರೂ ಆಧಾರ್‌ನ ಹೆಸರೂ ಒಂದೇ ಇರಬೇಕು. ವಿಶ್ವವಿದ್ಯಾಲಯಗಳ ಪೋರ್ಟಲ್ಲಾದ ಯುಯುಸಿಎಂಎಸ್‌ನ ನೋಂದಣಿ ಸಂಖ್ಯೆ ಇಲ್ಲಿ ತಾಳೆಯಾಗಬೇಕು. ಕೊನೆಗೆ ಬ್ಯಾಂಕ್ ಖಾತೆಗೆ ಆಧಾರ್‌ನ ಎನ್‌ಪಿಸಿಐ ಜೋಡಣೆ. ಒಂದು ಕೊಂಡಿ ಕಳಚಿದರೂ ಹಣ ಇಲ್ಲ. "ಎನ್‌ಪಿಸಿಐ ಆಗಿಲ್ಲ ಅಂತಾರೆ ಸಾ, ಬ್ಯಾಂಕಿಗೋದ್ರೆ ಆಗದೆ ಅಂತಾರೆ" ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಸೈಬರ್ ಸೆಂಟರಿನವನು ಒಂದೊಂದು ಸಲಕ್ಕೂ ದುಡ್ಡು ಇಸಿದುಕೊಳ್ಳುತ್ತಾನೆ. ನಾಡಕಚೇರಿಗೆ ಹೋದ ದಿನ ಅವ್ವನ ಕೂಲಿ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ ಹಣ ಬಂದರೆ ವರದಿಯಲ್ಲಿ ಅದು 'ಫಲಾನುಭವಿ' ಎಂಬ ಒಂದು ಸಂಖ್ಯೆ. ಪರೀಕ್ಷಾ ಶುಲ್ಕದ ಕೊನೆಯ ದಿನಕ್ಕೆ ಮೊದಲು ಬಂದಿತೇ, ಆರು ತಿಂಗಳು ತಡವಾಗಿ ಬಂದಿತೇ, ವರ್ಷ ಕಳೆದು ಬಂದಿತೇ ಎಂಬ ವ್ಯತ್ಯಾಸಕ್ಕೆ ಅಲ್ಲಿ ಜಾಗವಿಲ್ಲ. ಹುಡುಗಿಯ ಪಾಲಿಗೆ ಆ ದಿನಾಂಕವೇ ಎಲ್ಲ. ಶುಲ್ಕದ ದಿನಕ್ಕೆ ಕೈಯಲ್ಲಿ ಹಣವಿಲ್ಲದಿದ್ದರೆ ಅಪ್ಪ ಕೈಗಡ ತರುತ್ತಾನೆ, ಇಲ್ಲವೇ ಸ್ವಸಹಾಯ ಸಂಘದ ಸಾಲ, ಅದೂ ಇಲ್ಲದಿದ್ದರೆ "ಸಾಕು ಬುಡವ್ವ ಓದಿದ್ದು." ಬಂದ ಮೊತ್ತ ಒಂದೇ ಇರಬಹುದು, ಬಂದ ದಿನದ ಮೇಲೆ ಒಬ್ಬಳು ಓದುತ್ತಾಳೆ, ಇನ್ನೊಬ್ಬಳು ಗಾರ್ಮೆಂಟ್ಸ್ ವ್ಯಾನು ಹತ್ತುತ್ತಾಳೆ. ಹಿಂದುಳಿದ ವರ್ಗಗಳ ವಿದ್ಯಾಸಿರಿಗೂ ಇದೇ ಮಾತು ಸಲ್ಲುತ್ತದೆ. ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಯೋಜನೆಯಾಗಿ ಅದು ಶುರುವಾಯಿತು. ತಿಂಗಳಿಗೆಂದು ಲೆಕ್ಕ ಹಾಕಿದ ಹಣ ವರ್ಷಕ್ಕೊಮ್ಮೆ ಬಂದರೆ ಬಾಡಿಗೆ ರೂಮಿನ ಮಾಲೀಕ ಕಾಯುತ್ತಾನೆಯೇ? ನಿಮ್ಮ ಕೋಶ ಇನ್ನೇನನ್ನೂ ಮಾಡದೆ, ಅರ್ಜಿ ಹಾಕಿದ ದಿನ, ಕಾಲೇಜು ಲಾಗಿನ್ನಿನಲ್ಲಿ ಪರಿಶೀಲಿಸಿದ ದಿನ, ಹಣ ಜಮೆಯಾದ ದಿನ, ಈ ಮೂರನ್ನು ಪ್ರತಿ ವಿದ್ಯಾರ್ಥಿಯ ಹೆಸರಿನ ಮುಂದೆ ಬರೆದಿಟ್ಟರೂ ಸಾಕು, ಎಲ್ಲಿ ತಡವಾಗುತ್ತಿದೆ ಎಂಬುದು ಒಂದೇ ವರ್ಷದಲ್ಲಿ ಕಾಣುತ್ತದೆ. ತಡ ಖಜಾನೆಯಲ್ಲಿದ್ದರೆ ಇಲಾಖೆಗೆ ದಾಖಲೆ ಸಮೇತ ಬರೆಯಬಹುದು. ನಮ್ಮದೇ ಆಫೀಸಿನ ಮೇಜಿನ ಮೇಲಿದ್ದರೆ ಅದನ್ನು ಸರಿಪಡಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಇನ್ನೊಂದು ವಿಷಯವನ್ನು ನೇರವಾಗಿ ಹೇಳಬೇಕು. ನಾನು ಕಂಡಂತೆ ಅತಿ ಹೆಚ್ಚು ನೋವು ಕೊಡುವುದು ಇದು, ಅತಿ ಕಡಿಮೆ ದಾಖಲಾಗುವುದೂ ಇದೇ. ಪಾಠದ ನಡುವೆ ಜವಾನ ಸುತ್ತೋಲೆ ತರುತ್ತಾನೆ. ಅಧ್ಯಾಪಕರು ಓದುತ್ತಾರೆ: "ಎಸ್‌ಸಿ, ಎಸ್‌ಟಿ ಸ್ಟೂಡೆಂಟ್ಸ್ ಎದ್ದು ನಿಲ್ರಿ, ಆಫೀಸಿಗೆ ಹೋಗಿ ಸೈನ್ ಮಾಡ್ಬೇಕಂತೆ." ಹೇಳಿದವರ ಮನಸ್ಸಿನಲ್ಲಿ ಕೆಡುಕಿಲ್ಲ, ಸಹಾಯ ಮಾಡುವ ಅವಸರವಷ್ಟೇ ಇದೆ. ಆದರೆ ಎದ್ದು ನಿಂತ ಹುಡುಗನನ್ನು ಹಿಂದಿನ ಬೆಂಚಿನಿಂದ ಊರಿನವನೊಬ್ಬ ನೋಡುತ್ತಿರುತ್ತಾನೆ. ಊರಲ್ಲಿ ಯಾವ ಬೀದಿಯವನು ಎಂಬುದು ಕಾಲೇಜಿನಲ್ಲಾದರೂ ಗೊತ್ತಾಗದಿರಲಿ ಎಂದು ಬಂದವನು ಅವನು. ಮುಂದಿನ ಸಲ ಕರೆದಾಗ ಎಷ್ಟೋ ಮಕ್ಕಳು ಏಳುವುದಿಲ್ಲ. ಸೌಲಭ್ಯ ಬೇಡ, ಆ ನಿಲ್ಲುವುದು ಬೇಡ ಎಂದು ಕೂತೇ ಇರುತ್ತಾರೆ. ಲ್ಯಾಪ್‌ಟಾಪ್ ವಿತರಣೆಯ ವೇದಿಕೆಯಲ್ಲೂ ಬುಕ್ ಬ್ಯಾಂಕಿನ ಸಾಲಿನಲ್ಲೂ ಇದೇ ಕಥೆ. ಯುಜಿಸಿಯ 2012ರ ಸಮಾನತೆ ಉತ್ತೇಜನ ನಿಯಮಾವಳಿ ತರಗತಿಯಲ್ಲಿ ಜಾತಿಯ ಹೆಸರು ಹಿಡಿದು ಘೋಷಿಸುವುದನ್ನೂ, ಮೀಸಲಾತಿಯವರು ಎಂದು ಹಣೆಪಟ್ಟಿ ಹಚ್ಚುವುದನ್ನೂ ತಾರತಮ್ಯವೆಂದೇ ಹೇಳಿತು. ತಾರತಮ್ಯ ತಡೆಗೆ ಒಬ್ಬ ಅಧಿಕಾರಿಯನ್ನು ನೇಮಿಸಬೇಕೆಂದೂ ಹೇಳಿತು. ನಿಮ್ಮ ಕಾಲೇಜಿನಲ್ಲಿ ಆ ಅಧಿಕಾರಿ ಯಾರೆಂದು ಯಾವ ವಿದ್ಯಾರ್ಥಿಯಾದರೂ ಹೇಳಬಲ್ಲನೇ? ದೂರು ಪೆಟ್ಟಿಗೆಯಲ್ಲಿ ಒಂದೂ ದೂರು ಬಂದಿಲ್ಲವೆಂದು ವರದಿಯಲ್ಲಿ 'ಶೂನ್ಯ' ಎಂದು ಬರೆಯುತ್ತೇವೆ, ಅದನ್ನೇ ಸಾಧನೆಯೆಂದು ತಿಳಿಯುತ್ತೇವೆ. ಪೆಟ್ಟಿಗೆ ಪ್ರಾಂಶುಪಾಲರ ಕೊಠಡಿಯ ಬಾಗಿಲಿನ ಪಕ್ಕದಲ್ಲಿದ್ದರೆ ಯಾವ ಮಗು ಚೀಟಿ ಹಾಕುತ್ತದೆ?

2006ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳ ಸ್ಥಿತಿ ನೋಡಲು ಸುಖದೇವ್ ಥೋರಟ್ ನೇತೃತ್ವದಲ್ಲಿ ಸಮಿತಿಯಾಯಿತು, ಮರುವರ್ಷ ವರದಿ ಬಂತು. ಹಾಸ್ಟೆಲ್ಲಿನ ಕೊಠಡಿ, ಊಟದ ಮೇಜು, ಅಧ್ಯಾಪಕರ ನಡೆ, ಅಂಕ ಹಾಕುವ ರೀತಿ, ಎಲ್ಲದರ ಬಗ್ಗೆಯೂ ಆ ಸಮಿತಿ ಮಕ್ಕಳನ್ನೇ ಕೇಳಿತು. ಕಾಗದದಲ್ಲಿ ಎಂದೂ ಕಾಣದ ತಾರತಮ್ಯ ಆಗ ಹೊರಬಂತು. ಅದೇ ಥೋರಟ್ ಅವರು ನಮ್ಮ ರಾಜ್ಯ ಶಿಕ್ಷಣ ನೀತಿ ಆಯೋಗದ ಅಧ್ಯಕ್ಷರಾಗಿ 2025ರ ಆಗಸ್ಟ್‌ನಲ್ಲಿ ಅಂತಿಮ ವರದಿ ಕೊಟ್ಟರು. ನೀತಿ ಬೆಂಗಳೂರಿನಲ್ಲಿ ಆಗುವುದು ಆಗಲಿ. ಕೇಳುವ ಕ್ರಮವನ್ನು ಮಾತ್ರ ನಾವು ಇಲ್ಲೇ, ಈಗಲೇ ಅವರಿಂದ ಕಲಿಯಬಹುದು.

ದೂರದ ಒಂದು ಉದಾಹರಣೆ ಹೇಳಲು ಬಿಡಿ. ಕ್ಯಾಲಿಫೋರ್ನಿಯಾದ ಹೇವರ್ಡ್ ಎಂಬ ಊರಿನಲ್ಲಿ ಶಬೋ ಕಾಲೇಜು ಎಂಬ ಸಮುದಾಯ ಕಾಲೇಜಿದೆ. ಬಡವರ ಮಕ್ಕಳು ಮನೆಯಿಂದಲೇ ಓಡಾಡಿಕೊಂಡು ಓದುವ, ನಮ್ಮ ಪ್ರಥಮ ದರ್ಜೆ ಕಾಲೇಜಿಗೆ ಹತ್ತಿರದ ಸಂಸ್ಥೆ. ಅಲ್ಲಿಗೆ ಬರುತ್ತಿದ್ದ ಲ್ಯಾಟಿನೋ ಮಕ್ಕಳು, ಎಂದರೆ ಮೆಕ್ಸಿಕೊ ಮತ್ತಿತರ ದೇಶಗಳ ಮೂಲದ, ಹೆಚ್ಚಿನಂಶ ಕೂಲಿಕಾರರ ಮನೆಯ ಮಕ್ಕಳು, ಅರ್ಧದಲ್ಲೇ ಬಿಟ್ಟುಹೋಗುತ್ತಿದ್ದರು. 1981ರಲ್ಲಿ ಅಲ್ಲಿನ ಸಮಾಲೋಚಕ ಫೀಲಿಕ್ಸ್ ಗಲವಿಜ್ ಮತ್ತು ಇಂಗ್ಲಿಷ್ ಅಧ್ಯಾಪಕಿ ಪ್ಯಾಟ್ರಿಷಿಯಾ ಮೆಗ್ರಾ ಮೊದಲು ಮಾಡಿದ ಕೆಲಸ ಆ ಮಕ್ಕಳ ಹಳೆಯ ಅಂಕಪಟ್ಟಿಗಳನ್ನು ರಾಶಿ ಹಾಕಿಕೊಂಡು ಒಂದೊಂದಾಗಿ ಓದಿದ್ದು. ಮೂರು ಸಂಗತಿಗಳು ಮತ್ತೆ ಮತ್ತೆ ಕಂಡವು: ಇವರು ಸಲಹೆ ಕೇಳಲು ಬರುವುದೇ ಇಲ್ಲ, ಬರವಣಿಗೆಯ ಮುಖ್ಯ ತರಗತಿಗೆ ಸೇರುವುದಿಲ್ಲ, ಮನೆಯಲ್ಲಿ ಕಾಲೇಜು ಕಂಡವರು ಇವರೇ ಮೊದಲು. ಆ ಮೂರಕ್ಕೆ ತಕ್ಕ ಹಾಗೆ ಅವರು ಮೂರು ಕೆಲಸ ಕಟ್ಟಿದರು. ಬರವಣಿಗೆಯ ಪಾಠ, ಜೊತೆಗೇ ಸಮಾಲೋಚನೆ, ಅದೇ ಸಮುದಾಯದಿಂದ ಮೇಲೆ ಬಂದ ಹಿರಿಯರೊಬ್ಬರ ಒಡನಾಟ. ಪುವೆಂತೆ ಎಂಬ ಆ ಕಾರ್ಯಕ್ರಮ ಆಮೇಲೆ ರಾಜ್ಯದ ಹತ್ತಾರು ಕಾಲೇಜುಗಳಿಗೆ ಹಬ್ಬಿತು. ಇಬ್ಬರು ಅಧ್ಯಾಪಕರು ತಮ್ಮ ಕಾಲೇಜಿನ ಬೀರುವನ್ನೇ ತೆರೆದು ನೋಡಿದ್ದರಿಂದ ಇಷ್ಟಾಯಿತು.

ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ 2007ರಲ್ಲಿ ಎಎಸ್‌ಎಪಿ ಎಂಬ ಕಾರ್ಯಕ್ರಮ ಶುರುಮಾಡಿತು. ಶುಲ್ಕದಲ್ಲಿ ಉಳಿದ ಬಾಕಿ ಮನ್ನಾ, ಪಠ್ಯಪುಸ್ತಕ, ತಿಂಗಳ ಸಾರಿಗೆ ಪಾಸು, ಕಡಿಮೆ ಮಕ್ಕಳನ್ನಷ್ಟೇ ವಹಿಸಿಕೊಂಡ ಒಬ್ಬ ಸಲಹೆಗಾರ. ಇದರಿಂದ ಉಪಯೋಗವಾಯಿತೇ ಎಂದು ತಿಳಿಯಲು 896 ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಈ ಬೆಂಬಲ, ಇನ್ನೊಂದಕ್ಕೆ ಎಂದಿನ ಸೇವೆ. ಮೂರು ವರ್ಷ ಕಳೆದಾಗ ಬೆಂಬಲ ಪಡೆದವರಲ್ಲಿ ನೂರಕ್ಕೆ 40 ಮಂದಿ, ಪಡೆಯದವರಲ್ಲಿ 22 ಮಂದಿ ಪದವಿ ಮುಗಿಸಿದ್ದರು. ಚೀಟಿ ಎತ್ತುವ ಪ್ರಯೋಗ ನಮಗೆ ಬೇಡ. ಸೌಲಭ್ಯ ಹಕ್ಕಾಗಿರುವಲ್ಲಿ ಅದು ಸರಿಯೂ ಅಲ್ಲ. ಆದರೆ ಸೇರಿದ ದಿನದಿಂದ ಕೊನೆಯ ದಿನದವರೆಗೆ ಪ್ರತಿಯೊಬ್ಬರ ಹೆಸರು ಹಿಡಿದು ಹಿಂಬಾಲಿಸಿದ ಅವರ ಶ್ರದ್ಧೆ ನಮಗೂ ಬೇಕು. ಮತ್ತೆ ಅಲ್ಲಿಯ ಯಶಸ್ಸಿನಲ್ಲಿ ಒಂದು ಸಾರಿಗೆ ಪಾಸಿಗೂ ಪಾಲಿತ್ತು ಎಂಬುದನ್ನು ಗಮನಿಸಿ.

ಏಕೆಂದರೆ ಬಸ್ಸು ನಮ್ಮಲ್ಲೂ ಓದಿನ ಮಾತೇ. ಶಕ್ತಿ ಯೋಜನೆ 2023ರ ಜೂನ್ 11ರಂದು ಬಂದ ಮೇಲೆ ಹೆಣ್ಣುಮಕ್ಕಳ ಬಸ್ ಖರ್ಚು ತಪ್ಪಿತು. ಇದು ದೊಡ್ಡ ಸಂಗತಿ, ಎಷ್ಟೋ ಹುಡುಗಿಯರು ಪಿಯುಸಿಯಿಂದ ಮುಂದಕ್ಕೆ ಬಂದದ್ದು ಇದರಿಂದ. ಆದರೆ ತುಂಬಿದ ಬಸ್ಸು ಹಳ್ಳಿ ಗೇಟಿನಲ್ಲಿ ನಿಲ್ಲದೆ ಹೋದರೆ ಮೊದಲ ಪೀರಿಯಡ್ ಹೋಯಿತು, ಹಾಜರಿ ಹೋಯಿತು, ಕೊನೆಗೆ ಹಾಜರಿ ಕೊರತೆಯೆಂದು ಪರೀಕ್ಷೆಯೇ ಹೋಯಿತು. ಮೇಲುಕೋಟೆ ಕಡೆಯ ಹುಡುಗಿ ಸಂಜೆ ಪರಿಹಾರ ಬೋಧನೆಗೆ ಯಾಕೆ ನಿಲ್ಲುವುದಿಲ್ಲ ಎಂದು ಕೇಳುವ ಮೊದಲು ಅವಳ ಊರಿಗೆ ಆಮೇಲೆ ಬಸ್ಸಿದೆಯೇ ಎಂದು ನೋಡಬೇಕಲ್ಲವೇ? ತರಗತಿ ಮುಗಿದ ಮೇಲೆ ಇಡುವ ಯಾವ ಬೆಂಬಲವೂ ಬಸ್ ನಿಲ್ದಾಣದ ಹತ್ತಿರ ರೂಮು ಮಾಡಿಕೊಂಡವರಿಗೆ ಮಾತ್ರ ಸಿಗುತ್ತದೆ.

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಹೇಳುತ್ತೇನೆ. ಮಂಡ್ಯದ ಹತ್ತಿರ ಆಲೆಮನೆಯಲ್ಲೇ ಹೆಣ್ಣುಭ್ರೂಣ ಪತ್ತೆ ನಡೆಯುತ್ತಿದ್ದುದು 2023ರ ಕೊನೆಯಲ್ಲಿ ಬಯಲಾಯಿತು. ಅಂಥ ಜಿಲ್ಲೆಯಲ್ಲಿ ಹುಟ್ಟಿ, ಬೆಳೆದು, ಪದವಿ ತರಗತಿಯವರೆಗೆ ಬಂದ ಹುಡುಗಿಯೊಬ್ಬಳು ನಾಲ್ಕನೆಯ ಸೆಮಿಸ್ಟರಿನಲ್ಲಿ ಮದುವೆಯಾಗಿ ಕಾಣೆಯಾದರೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ಸುಮ್ಮನಾಗುತ್ತೇವೆ. ಮದುವೆಯಾದ ಮೇಲೆ ಪರೀಕ್ಷೆಗಾದರೂ ಬರಬಹುದು ಎಂದು ಅವಳ ಗಂಡನ ಮನೆಗೆ ಒಂದು ಫೋನ್ ಹೋದರೆ ಬರುವವರು ಇದ್ದಾರೆ. ಬಂದವರನ್ನು ನಾನು ನೋಡಿದ್ದೇನೆ, ಅವರಲ್ಲಿ ಕೆಲವರು ಇಂದು ಶಿಕ್ಷಕಿಯರು.

ಇನ್ನು ಎಣಿಸುವಾಗ ಬಿಡಿಸಿ ಎಣಿಸಿ. ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ 101 ಜಾತಿಗಳಿವೆ. ಒಳಮೀಸಲಾತಿಯ ಚರ್ಚೆಯಲ್ಲಿ, 2025ರ ಆಗಸ್ಟ್‌ನಲ್ಲಿ ಸಂಪುಟದ ತೀರ್ಮಾನ ಬಂದ ಮೇಲೂ, ಅಲೆಮಾರಿ ಸಮುದಾಯಗಳು ನಮ್ಮನ್ನು ಬಲಾಢ್ಯರ ಜೊತೆ ಸೇರಿಸಿದಿರಿ ಎಂದು ಬೀದಿಗಿಳಿದವು. ನಮ್ಮ ವರದಿಯ 'ಎಸ್‌ಸಿ' ಎಂಬ ಒಂದೇ ಸಾಲು ಅದೇ ಕೆಲಸ ಮಾಡುತ್ತದೆ. ಆ ಸಾಲಿನ ಸಂಖ್ಯೆ ಚೆನ್ನಾಗಿದ್ದರೂ ಅದರೊಳಗೆ ಅಲೆಮಾರಿಗಳ ಟೆಂಟಿನಿಂದ ಬಂದ ಒಬ್ಬನೂ ಇಲ್ಲದಿರಬಹುದು. ಮುಸ್ಲಿಂ ಮಕ್ಕಳದೂ ಬೇರೆಯೇ ಕಥೆ. ನಾಗಮಂಗಲದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಗಣೇಶ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಸುಟ್ಟವು. ಅಂಥ ವಾರದ ಮೇಲೆ ತರಗತಿಗೆ ಬಂದು ಕೂರುವ ಮಕ್ಕಳನ್ನು, ಯಾವ ಧರ್ಮದವರೇ ಇರಲಿ, ಕರೆದು ಮಾತಾಡಿಸುವುದೂ ಬೆಂಬಲ ಸೇವೆಯೇ. ಅದಕ್ಕೆ ಅಂಕಣವಿಲ್ಲ ಎಂದು ಅದು ಸಣ್ಣದಾಗುವುದಿಲ್ಲ.

ನಿಮ್ಮ ಕಷ್ಟ ನನಗೆ ಗೊತ್ತು. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024–25ಕ್ಕೆ ಮತ್ತೆ ಮೂರು ವರ್ಷವಾಯಿತು. ಮೈಸೂರಿನಿಂದ ಮಂಡ್ಯ ವಿಶ್ವವಿದ್ಯಾಲಯಕ್ಕೆ ಬಂದೆವು, 2025ರಲ್ಲಿ ಅದನ್ನೇ ಮುಚ್ಚುವ ಶಿಫಾರಸಿನ ಸುದ್ದಿ ಕೇಳಿದೆವು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠದ ಬಹುಪಾಲು ಭಾರ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. 2023ರ ಕೊನೆಯಲ್ಲಿ ಸೇವಾ ಭದ್ರತೆ ಕೇಳಿ ಅವರು ಮುಷ್ಕರ ಹೂಡಿದಾಗ ತರಗತಿಗಳು ನಿಂತದ್ದನ್ನು ನೋಡಿದ್ದೀರಿ. ಮೆಂಟರ್ ಎಂದು ಪಟ್ಟಿಯಲ್ಲಿ ಕಾಯಂ ಅಧ್ಯಾಪಕರ ಹೆಸರಿರುತ್ತದೆ. ಮಗು ಮನಸ್ಸು ಬಿಚ್ಚುವುದು ತನ್ನ ಊರಿನ ಕಡೆಯ, ತನ್ನಂತೆಯೇ ಹಾಸ್ಟೆಲ್ಲಿನಲ್ಲಿದ್ದು ಓದಿ ಬಂದ ಅತಿಥಿ ಉಪನ್ಯಾಸಕರ ಮುಂದೆ. ಮುಂದಿನ ವರ್ಷ ಅವರು ಇರುತ್ತಾರೋ ಇಲ್ಲವೋ. ಅವರಿಗೆ ತಿಳಿದದ್ದೆಲ್ಲ ಅವರ ಜೊತೆಗೇ ಹೋಗುತ್ತದೆ. ನಿಮ್ಮ ಕೋಶದ ಸಭೆಗೆ ಅವರನ್ನು ಕರೆಯಿರಿ. ಕಾಲೇಜಿನ ಬಗ್ಗೆ ಅತಿ ಹೆಚ್ಚು ತಿಳಿದವರು ಸಭೆಯ ಹೊರಗಿದ್ದಾರೆ.

ಯಾರು ಹೊರಗುಳಿದರು ಎಂದು ಎಣಿಸುವ ಲೆಕ್ಕ ನಮ್ಮ ಸೀಮೆಗೆ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿ ಸರ್ಕಾರಿ ಕೆಲಸದಲ್ಲಿ ಯಾರು ಎಷ್ಟಿದ್ದಾರೆ, ಯಾರು ಇಲ್ಲ ಎಂದು ಕೇಳಿತು. ಆ ಪ್ರಶ್ನೆ ಆಗ ಎಷ್ಟು ಜನರನ್ನು ಕೆರಳಿಸಿತು ಎಂಬುದು ಇತಿಹಾಸ ಓದಿದವರಿಗೆ ಗೊತ್ತು. ಸಿದ್ಧಲಿಂಗಯ್ಯನವರು 'ಊರುಕೇರಿ'ಯಲ್ಲಿ ತಮ್ಮ ಹಾಸ್ಟೆಲ್ ದಿನಗಳನ್ನು ಬರೆದಿದ್ದಾರೆ. ಒಂದು ಹಾಸ್ಟೆಲ್ ಒಬ್ಬ ಹುಡುಗನಿಗೆ ಏನಾಗಬಲ್ಲದು ಎಂಬುದಕ್ಕೆ ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಮೌಲ್ಯಮಾಪನ ವರದಿ ನನಗೆ ತಿಳಿದಿಲ್ಲ. ನಿಮ್ಮ ಊರಿನ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ (ಬಿಸಿಎಂ) ಹಾಸ್ಟೆಲ್ಲುಗಳ ಮಕ್ಕಳಿಂದಲೂ ಒಂದೊಂದು ಪುಟ ಬರೆಸಿ, ಹೆಸರಿಲ್ಲದೆ, ಅವರ ಮಾತಿನಲ್ಲೇ. ಇಂಗ್ಲಿಷಿನ ಗೂಗಲ್ ಫಾರ್ಮಿನಲ್ಲಿ ಐದಕ್ಕೆ ನಾಲ್ಕು ಎಂದು ಒತ್ತಿಸಿದರೆ ಏನೂ ತಿಳಿಯುವುದಿಲ್ಲ.

ನಾನು ಕೇಳುವುದು ಇಷ್ಟು. 2024–25ರಲ್ಲಿ ಮೊದಲ ಸೆಮಿಸ್ಟರಿಗೆ ಸೇರಿದವರ ಪ್ರವೇಶ ವಹಿಯನ್ನು ತೆಗೆಯಿರಿ. ಮೂರು ವರ್ಷದ ಪದವಿಗೆ ಮರಳಿದ ಮೇಲಿನ ಮೊದಲ ತಂಡ ಅದು. ಪ್ರತಿ ಹೆಸರಿನ ಮುಂದೆ ಈಗ ಆ ವಿದ್ಯಾರ್ಥಿ ಎಲ್ಲಿದ್ದಾನೆ, ಎಲ್ಲಿದ್ದಾಳೆ ಎಂದು ಬರೆಯಿರಿ. ಜಾತಿ, ಹೋಬಳಿ, ಹೆಣ್ಣೋ ಗಂಡೋ, ಹಾಸ್ಟೆಲ್ಲೋ ಬಸ್ಸೋ, ಹಣ ಜಮೆಯಾದ ದಿನ, ಇವೆಲ್ಲ ಅದರ ಪಕ್ಕದಲ್ಲಿರಲಿ. ಆ ಹೆಸರುಗಳ ಪಟ್ಟಿ ಕೋಶದ ಬೀರುವಿನಲ್ಲೇ ಭದ್ರವಾಗಿರಲಿ, ಸಂಖ್ಯೆಗಳು ಮಾತ್ರ ಕನ್ನಡದಲ್ಲಿ ನೋಟಿಸ್ ಬೋರ್ಡಿಗೆ ಬರಲಿ. ಬಿಟ್ಟುಹೋದವರ ಮನೆಗೆ ಹೋಗಿ ಕೇಳುವ ಕೆಲಸವನ್ನು ಅವರಿಗೆ ಪಾಠ ಮಾಡಿದವರಿಗೆ ಕೊಡಬೇಡಿ. ಗುರುಗಳ ಎದುರು ಯಾವ ಮನೆಯವರೂ ನಿಜ ಹೇಳುವುದಿಲ್ಲ, ಕಾಫಿ ಕೊಟ್ಟು ಕಳಿಸುತ್ತಾರೆ. ಹಳೆಯ ವಿದ್ಯಾರ್ಥಿಗಳು ಹೋಗಲಿ, ಆಯಾ ಹಳ್ಳಿಯವರೇ ಹೋಗಲಿ. ನಾಲ್ಕು ತಾಲ್ಲೂಕುಗಳ ಕಾಲೇಜುಗಳೂ ಒಂದೇ ನಮೂನೆಯಲ್ಲಿ ಬರೆದರೆ ಪರಸ್ಪರ ಹೋಲಿಸಿ ನೋಡಬಹುದು. ಆ ನಮೂನೆಯ ಕರಡನ್ನು ನಾನು ಒಂದೇ ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಕೇಳಿದವರಿಗೆ ಕಳಿಸುತ್ತೇನೆ. ಪಾಂಡವಪುರದ ಮಟ್ಟಿಗೆ, ಚಿನಕುರಳಿ ಮತ್ತು ಮೇಲುಕೋಟೆ ಹೋಬಳಿಗಳ ಹಳ್ಳಿಗಳಿಗೆ ಹೋಗುವ ಹಳೆಯ ವಿದ್ಯಾರ್ಥಿಗಳನ್ನು ಕಲೆಹಾಕುವ ಹೊಣೆ ನನ್ನದು. ಮುಂದಿನ ಸೆಮಿಸ್ಟರಿನ ಶುಲ್ಕದ ನೋಟಿಸು ಬರುವುದರೊಳಗೆ ಮೊದಲ ಸಭೆ ಕರೆಯಿರಿ, ಯಾವ ದಿನವೆಂದು ತಿಳಿಸಿ.

ನಿಮ್ಮವ,
ಪಾಂಡವಪುರದ ಒಬ್ಬ ನಿವೃತ್ತ ಕನ್ನಡ ಅಧ್ಯಾಪಕ